ಎಮ್ಮೆಲ್ಲೆ ಸಾಹೇಬರು, ನಾನು ಮತ್ತು ಕೊಪ್ಪಲಿನ ದನದಾಸ್ಪತ್ರೆ

ಹೊಸದಾಗಿ ಪೊಲೀಸ್ ಕೆಲಸಕ್ಕೆ ಸೇರಿದ ಹುಡುಗರಿಗೆ, ನಾನು ಒಬ್ಬ ಶಾಸಕರಿಗೆ ಒಂದು ಅವಧಿ ಪೂರ್ತಿ ಗನ್‌ಮ್ಯಾನ್ ಆಗಿದ್ದೆ ಎಂದು ಗೊತ್ತಾದರೆ ಮೊದಲು ಕೇಳುವುದು ಒಂದೇ ಪ್ರಶ್ನೆ: “ಎಷ್ಟು ಸಲ ಗುಂಡು ಹಾರಿಸಿದ್ರಿ ಸಾರ್?” ಒಂದು ಸಲವೂ ಇಲ್ಲ ಎಂದರೆ ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ. ಮತ್ತೆ ಅಷ್ಟು ವರ್ಷ ಏನು ಮಾಡಿದಿರಿ ಎಂದು ಬಾಯಿಬಿಟ್ಟು ಕೇಳುವುದಿಲ್ಲ, ಕಣ್ಣಿನಲ್ಲೇ ಕೇಳುತ್ತಾರೆ. ಉಂಡೆ, ಕಾದೆ, ಕಾರು ತಳ್ಳಿದೆ, ಒಂದು ಕಲ್ಲಿಗೆ ಕಾವಲು ಕೂತೆ, ಒಂದು ಎಮ್ಮೆಯ ತಲೆ ಹಿಡಿದುಕೊಂಡೆ. ಇಷ್ಟೇ ಎಂದರೆ ನಂಬುವುದಿಲ್ಲ. ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ. ನನಗೆ ಬಂದ ಬಡ್ತಿಗಳ ವಿಷಯ ಇದರಲ್ಲಿಲ್ಲ. ಅವು ಎಲ್ಲರಿಗೂ ಬರುವಂತೆ ತಡವಾಗಿ ಬಂದವು.

ನನ್ನ ಹೆಸರು ಶಿವನಂಜ. ಊರು ನಾಗಮಂಗಲ ತಾಲ್ಲೂಕಿನ ಹೊಣಕೆರೆ ಹೋಬಳಿ. ಸರ್ವಿಸ್ಸಿನ ಬಹುಪಾಲು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲೇ ಕಳೆಯಿತು. ನಮ್ಮ ಸಾಹೇಬರು ಈ ನಾಲ್ಕರಲ್ಲಿ ಯಾವ ಕ್ಷೇತ್ರದವರು ಎಂದು ಮಾತ್ರ ಹೇಳುವುದಿಲ್ಲ. ಅವರ ಮನೆಯವರು ಇನ್ನೂ ಅಲ್ಲೇ ಇದ್ದಾರೆ. ಕೊಪ್ಪಲು ಎಂಬ ಊರಿಲ್ಲದ ತಾಲ್ಲೂಕು ಈ ಸೀಮೆಯಲ್ಲಿ ಇಲ್ಲವಾದ್ದರಿಂದ ಹುಡುಕಿಯೂ ಪ್ರಯೋಜನವಿಲ್ಲ. ತೊಂಬತ್ತರ ದಶಕದ ನಡುವಿನಲ್ಲಿ ಗೆದ್ದರು, ದಶಕ ಮುಗಿಯುವಷ್ಟರಲ್ಲಿ ಸೋತರು.

ಸಾಹೇಬರಿಗೆ ಬೋರಯ್ಯ ಎಂದು ನಾನೇ ಒಂದು ಹೆಸರಿಟ್ಟಿದ್ದೇನೆ. ಗೆಲ್ಲುವ ಮುಂಚೆ ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡ್ ಎದುರಿಗೆ ಬಾಡಿಗೆ ಸೈಕಲ್ ಅಂಗಡಿ ಇಟ್ಟಿದ್ದರು. ಒಂದು ತಲೆಮಾರು ಸೈಕಲ್ ಕಲಿತದ್ದು, ಬಿದ್ದದ್ದು, ಮಂಡಿ ತರಚಿಕೊಂಡದ್ದು ಎಲ್ಲ ಅವರ ಸೈಕಲ್ಲುಗಳ ಮೇಲೆಯೇ. ಆ ಚುನಾವಣೆಯಲ್ಲಿ ಪಕ್ಷದ ಇಬ್ಬರು ದೊಡ್ಡ ಕುಳಗಳು ಟಿಕೆಟ್ಟಿಗೆ ಕಿತ್ತಾಡಿ, ನನಗೆ ಸಿಗದಿದ್ದರೂ ಚಿಂತೆಯಿಲ್ಲ, ಅವನಿಗೆ ಸಿಗಕೂಡದು ಎಂದು ಇಬ್ಬರೂ ಹಟ ಹಿಡಿದರು. ಇಬ್ಬರಿಗೂ ಯಾವ ತೊಂದರೆಯನ್ನೂ ಕೊಡಲಾರದ ಮನುಷ್ಯ ಯಾರು ಎಂದು ಹುಡುಕಿ ಬೋರಯ್ಯನವರನ್ನು ನಿಲ್ಲಿಸಿದರು. ಸೋಲಲಿ ಎಂದೇ ನಿಲ್ಲಿಸಿದ್ದು. ಸೈಕಲ್ಲಿನಿಂದ ಬಿದ್ದವರೆಲ್ಲ ಓಟು ಹಾಕಿದರು, ಗೆದ್ದುಬಿಟ್ಟರು.

ಗನ್‌ಮ್ಯಾನ್ ಡ್ಯೂಟಿಗೆ ಕಳಿಸುವ ದಿನ ನಮ್ಮ ರಿಸರ್ವ್ ಇನ್ಸ್‌ಪೆಕ್ಟರು ನನ್ನನ್ನು ಕರೆದು ರಿವಾಲ್ವರು, ಗುಂಡು ಕೊಡಿಸಿ, ಒಂದೇ ಒಂದು ಬುದ್ಧಿಮಾತು ಹೇಳಿದರು.

“ನೋಡಯ್ಯಾ, ಎಮ್ಮೆಲ್ಲೆಗೆ ಹೆಚ್ಚುಕಮ್ಮಿ ಆದ್ರೆ ಸರ್ಕಾರ ಇನ್ನೊಂದು ಎಲೆಕ್ಷನ್ ಮಾಡುತ್ತೆ. ಈ ಗುಂಡಲ್ಲಿ ಒಂದು ಕಳೆದ್ರೆ ನಿನ್ನ ಕಥೆ ಮುಗೀತು. ಯಾವುದನ್ನ ಜೋಪಾನ ಮಾಡ್ಬೇಕು ಅಂತ ಅರ್ಥ ಆಯ್ತಲ್ಲ?”

ಅರ್ಥವಾಯಿತು ಎಂದು ಸೆಲ್ಯೂಟ್ ಹೊಡೆದು ಬಂದೆ.

ನಾನು ಆಗ ಆರಡಿ ಆಳು. ಪೇಟೆ ಬೀದಿಯಲ್ಲಿ ನಡೆದರೆ ಜನ ತಿರುಗಿ ನೋಡುವಂಥ ಮೀಸೆ ಇತ್ತು. ಗನ್‌ಮ್ಯಾನ್‌ಗಳು ಸಫಾರಿ ಹಾಕಬೇಕು ಎಂಬ ಪದ್ಧತಿ ಇದ್ದುದರಿಂದ ಹೊಸ ಬೂದು ಸಫಾರಿ ಹೊಲಿಸಿಕೊಂಡಿದ್ದೆ. ಸಾಹೇಬರು ನನ್ನ ಭುಜದ ಮಟ್ಟಕ್ಕೆ ಬರುತ್ತಿದ್ದರು. ಮಾಸಿದ ಬಿಳಿ ಪಂಚೆ, ಉಗುರಿನ ಸಂದಿಯಲ್ಲಿ ಇನ್ನೂ ಹೋಗದ ಚೈನಿನ ಗ್ರೀಸು. ಮೊದಲ ಸನ್ಮಾನದ ಊರಿನಲ್ಲಿ ಕಾರಿನಿಂದ ಇಬ್ಬರೂ ಇಳಿದೆವು. ತಮಟೆ ಬಡಿಯಿತು. ಜನ ನುಗ್ಗಿ ಬಂದು ಅಷ್ಟು ದಪ್ಪದ ಸೇವಂತಿಗೆ ಹಾರವನ್ನು ನನ್ನ ಕೊರಳಿಗೆ ಹಾಕಿ, ಹೆಗಲ ಮೇಲೆ ಎತ್ತಿಕೊಳ್ಳಲು ನೋಡಿದರು.

“ನಾನಲ್ಲ ಕಣ್ರಪ್ಪೋ, ಅವ್ರು!” ಎಂದು ಕೂಗಿದೆ. ತಮಟೆಯ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಸಾಹೇಬರು ಕಾರಿಗೆ ಒರಗಿ ನಿಂತು ನಗುತ್ತಿದ್ದರು. ಆಮೇಲೆ ಯಾರೋ ಗುರುತು ಹಿಡಿದು ಹಾರವನ್ನು ನನ್ನಿಂದ ತೆಗೆದು ಅವರಿಗೆ ಹಾಕಿದರು. ಅದು ಅವರ ಮಂಡಿಯವರೆಗೂ ಇಳಿಯಿತು.

“ಬುಡಯ್ಯ ಶಿವನಂಜ,” ಎಂದರು ವಾಪಸು ಬರುವಾಗ. “ಕಲ್ಲು ಗಿಲ್ಲು ಎಸೆಯೋರು ಬಂದ್ರೂ ನಿಂಗೇ ಎಸೀತಾರೆ. ನಂಗೆ ಅದೇ ಒಳ್ಳೇದು.”

ಅಂಗರಕ್ಷಕನ ಕೆಲಸ ಎಂದರೆ ಏನು ಎಂದು ಇಲಾಖೆ ನನಗೆ ಹೇಳಿಕೊಟ್ಟದ್ದಕ್ಕಿಂತ ಆ ಒಂದು ಮಾತು ಹೆಚ್ಚು ಹೇಳಿಕೊಟ್ಟಿತು.

ಮದುವೆ ತಿಂಗಳಲ್ಲಿ ನನ್ನ ಕೆಲಸ ಬದಲಾಗುತ್ತಿತ್ತು. ಶಾಸಕರಾದವರು ಕರೆದ ಮದುವೆಗೆಲ್ಲ ಹೋಗಬೇಕು, ಹೋದ ಮೇಲೆ ಉಣ್ಣಬೇಕು. ಉಣ್ಣದೆ ಎದ್ದು ಬಂದರೆ ಆ ಮನೆಯ ಓಟು, ಅವರ ಬೀಗರ ಓಟು, ಬೀಗರ ಊರಿನ ಓಟು ಎಲ್ಲ ಹೋದ ಹಾಗೆ. ಸಾಹೇಬರದು ಗಂಜಿ ಕುಡಿದರೂ ಉರಿಯುವ ಹೊಟ್ಟೆ. ಹಾಗಾಗಿ ಎಲೆಯ ಮುಂದೆ ಅವರು ಕೂರುವುದು, ಪಕ್ಕದ ಎಲೆಯಲ್ಲಿ ನಾನು ಇಬ್ಬರ ಪಾಲನ್ನೂ ಉಣ್ಣುವುದು ಎಂದು ಒಪ್ಪಂದವಾಯಿತು. ಮುದ್ದೆ ಬಂದ ಕೂಡಲೇ ಅವರು ಆ ಕಡೆಯವರನ್ನು ಮಾತಾಡಿಸುವರು, ನಾನು ಈ ಕಡೆಯಿಂದ ಅವರ ಎಲೆಯ ಮುದ್ದೆಯನ್ನು ನನ್ನ ಎಲೆಗೆ ಉರುಳಿಸಿಕೊಳ್ಳುವೆ. “ಏನ್ ಚೆನ್ನಾಗುಂಡ್ರು ಸಾಹೇಬ್ರು!” ಎಂದು ಮನೆಯವರಿಗೆ ಸಂತೋಷ. ಒಂದೇ ದಿನ ಮೇಲಿಂದ ಮೇಲೆ ಮದುವೆಗಳಿದ್ದಾಗ ನಾನು ಸಫಾರಿಯ ಗುಂಡಿ ಬಿಚ್ಚಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿರುತ್ತಿದ್ದೆ. ನನ್ನ ಉಣ್ಣುವ ಖ್ಯಾತಿ ಕ್ಷೇತ್ರವೆಲ್ಲ ಹಬ್ಬಿತು. ಅದರಿಂದ ಮುಂದೆ ಒಂದು ಅನಾಹುತವೂ ಆಯಿತು.

ಈಗ ವಿಧಾನಸಭೆಯ ವಿಷಯಕ್ಕೆ ಬರುತ್ತೇನೆ. ಅಧಿವೇಶನಕ್ಕೆ ಬೆಂಗಳೂರಿಗೆ ಹೋದಾಗ ರಿವಾಲ್ವರನ್ನು ಬಾಗಿಲಲ್ಲೇ ಒಪ್ಪಿಸಿ, ಪಾಸು ಪಡೆದು, ನಾನು ಮೇಲಿನ ಗ್ಯಾಲರಿಯಲ್ಲಿ ಕೂರುತ್ತಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಊರಿಗೇ ಕೇಳುವಂತೆ ಮಾತಾಡುತ್ತಿದ್ದ ಮನುಷ್ಯ ಆ ಸಭಾಂಗಣದೊಳಗೆ ಹೋದ ಕೂಡಲೇ ಮೂಕರಾಗಿಬಿಡುತ್ತಿದ್ದರು. ಮೊದಲ ವರ್ಷ ಪೂರ್ತಿ ಒಂದು ಮಾತೂ ಆಡಲಿಲ್ಲ. ಕೇಳಿದರೆ, “ಅಲ್ಲಿ ಕುರ್ಚಿ ಮೆತ್ತಗದೆ ಕಣಯ್ಯ, ಕುಂತ್ರೆ ಏಳಂಗೇ ಆಗಾಕಿಲ್ಲ,” ಎನ್ನುತ್ತಿದ್ದರು. ನಿಜವೆಂದರೆ ಅವರಿಗೆ ಭಯ. ಎದ್ದು ನಿಂತವರಿಗೆಲ್ಲ ಎದುರಿನವರು ಕೂಗಾಡುವುದನ್ನು ನೋಡಿದಾಗಲೆಲ್ಲ ಅವರ ಕೈ ನಶ್ಯದ ಡಬ್ಬಿಗೆ ಹೋಗುತ್ತಿತ್ತು. ಧೈರ್ಯಕ್ಕೆ ಒಂದು ಚಿಟಿಕೆ ಏರಿಸುತ್ತಿದ್ದರು. ಬೂಕನಕೆರೆ ಸಂತೆಯಿಂದ ತರಿಸಿದ ಒಳ್ಳೆಯ ಘಾಟಿನ ನಶ್ಯ. ಅವರ ಪಕ್ಕದ ಸೀಟಿನಲ್ಲಿ ಉತ್ತರದ ಕಡೆಯ ಒಬ್ಬ ಹಿರಿಯ ಸದಸ್ಯರು. ಅವರಿಗೂ ಇದೇ ಚಟ, ಜೊತೆಗೆ ಕಿವಿ ಮಂದ.

ಅಂದು ಊಟದ ನಂತರದ ಹೊತ್ತು. ಯಾವುದೋ ಮಸೂದೆ. ವಿರೋಧ ಪಕ್ಷದವರು ಸಭಾತ್ಯಾಗ ಮಾಡಿ ಕಾಫಿಗೆ ಹೋಗಿದ್ದರು. ಆಡಳಿತ ಪಕ್ಷದವರೇ ಅಲ್ಲೊಬ್ಬರು ಇಲ್ಲೊಬ್ಬರು ಕೂತಿದ್ದರು. ಸರ್ಕಾರದ ಬಹುಮತ ಆಗ ತೆಳ್ಳಗೆ ಇದ್ದುದರಿಂದ ಎಲ್ಲರ ಮೇಲೂ ಒಂದು ಕಣ್ಣು. ಸಭಾಧ್ಯಕ್ಷರು ಒಪ್ಪುವವರು ಹೌದು ಎನ್ನಿ ಎಂದರು. ಸಣ್ಣಗೆ ಹೌದು ಎಂಬ ಸದ್ದು ಬಂತು. ವಿರೋಧಿಸುವವರು ಇಲ್ಲ ಎನ್ನಿ ಎಂದರು. ಸಭೆ ನಿಶ್ಶಬ್ದ. ಸರಿಯಾಗಿ ಅದೇ ಗಳಿಗೆಯಲ್ಲಿ ಪಕ್ಕದ ಹಿರಿಯರು ಎರಡು ಬೆರಳು ಕೂಡಿಸಿ ನಶ್ಯ ಇದೆಯೇ ಎಂದು ಕೇಳಿದರು. ಡಬ್ಬಿ ಖಾಲಿಯಾಗಿತ್ತು. ಕಿವುಡರಿಗೆ ಕೇಳಲಿ ಎಂದು ನಮ್ಮ ಸಾಹೇಬರು ಬಸ್‌ಸ್ಟ್ಯಾಂಡಿನ ಗಂಟಲಿನಲ್ಲಿ, “ಇಲ್ಲ!” ಎಂದರು.

ಗ್ಯಾಲರಿಯಲ್ಲಿ ತೂಕಡಿಸುತ್ತಿದ್ದ ನಾನು ಎದ್ದು ಕೂತೆ. ಸಭಾಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು, “ಮಾನ್ಯ ಸದಸ್ಯರು ವಿರೋಧಿಸುತ್ತೀರಾ?” ಎಂದರು. ದೊಡ್ಡವರು ತಮ್ಮನ್ನೇ ಮಾತಾಡಿಸಿದರಲ್ಲ ಎಂಬ ಗಾಬರಿಗೆ, ಗೌರವಕ್ಕೆ ಸಾಹೇಬರು ಎದ್ದು ನಿಂತರು. ಬಾಯಿಂದ ಮಾತು ಹೊರಡಲಿಲ್ಲ. ಕೈಯಲ್ಲಿ ಖಾಲಿ ಡಬ್ಬಿ ಹಿಡಿದು ಸುಮ್ಮನೆ ನಿಂತೇ ಇದ್ದರು. ಮಾರನೆಯ ದಿನ ಪತ್ರಿಕೆಗಳಲ್ಲಿ ‘ಆಡಳಿತ ಪಕ್ಷದಲ್ಲಿ ಭಿನ್ನಮತ ಸ್ಫೋಟ’ ಎಂದು ಬಂತು. ‘ಮೌನ ಪ್ರತಿಭಟನೆ’ ಎಂದೂ ಬರೆದಿದ್ದರು.

ಬೆಳಗ್ಗೆಯೇ ಪಕ್ಷದ ದೊಡ್ಡ ನಾಯಕರೊಬ್ಬರು ಕರೆಸಿಕೊಂಡರು. ಸಾಹೇಬರು ಹೋಗುವಾಗ, “ಶಿವನಂಜ, ಪಕ್ಷದಿಂದ ತೆಗೆದ್ರೆ ವಾಪಸ್ ಸೈಕಲ್ ಅಂಗ್ಡಿ ಬಾಗ್ಲು ತೆಗೆಯೋದೇಯ,” ಎಂದರು. ನಾನು, ಡ್ರೈವರ್ ಮಾದೇವ ಇಬ್ಬರೂ ಕೊಠಡಿಯ ಬಾಗಿಲ ಹೊರಗೆ ನಿಂತೆವು. ಒಳಗಿನ ಮಾತೆಲ್ಲ ಕೇಳುತ್ತಿತ್ತು.

ನಾಯಕರು ಬಹಳ ಮೆದುವಾಗಿ, “ಬೋರಯ್ಯನವರೇ, ನಿಮ್ಮ ಜೊತೆ ಎಷ್ಟು ಜನ ಇದ್ದಾರೆ?” ಎಂದರು.

“ನಾನೂ ಸೇರಿ ಮೂರ್ಜನ ಸಾರ್.”

“ಇನ್ನಿಬ್ಬರು ಯಾರು?”

“ಆಚೇನೇ ಅವ್ರೆ ಸಾರ್. ಕರೀಲಾ?”

ಬಾಗಿಲು ಸ್ವಲ್ಪ ತೆರೆದು ಒಂದು ತಲೆ ಹೊರಗೆ ಇಣುಕಿತು. ನನ್ನ ಮೀಸೆ, ಸಫಾರಿ ನೋಡಿ ಯಾವ ಜಿಲ್ಲೆಯ ಶಾಸಕರು ಎಂದು ಗೊತ್ತಾಗದೆ ತಲೆ ಒಳಗೆ ಹೋಯಿತು. ನಾಯಕರ ದನಿ ಇನ್ನೂ ಮೆತ್ತಗಾಯಿತು. “ಅವರೆಲ್ಲ ಯಾಕೆ, ನಾವು ನಾವೇ ಮಾತಾಡೋಣ. ನಿಮಗೆ ಏನು ಬೇಕು, ಹೇಳಿ.”

ಇದನ್ನು ಬರೆಯುವಾಗ ಈಗಲೂ ನನಗೆ ನಗು ಬರುತ್ತದೆ. ಆದರೆ ಆಮೇಲೆ ಸಾಹೇಬರು ಹೇಳಿದ್ದು ನಗುವ ವಿಷಯವಲ್ಲ. ಪ್ರಚಾರಕ್ಕೆ ಹೋಗಿದ್ದಾಗ ಹಳೇಕೊಪ್ಪಲಿನ ದಾರಿಯಲ್ಲಿ ಸಣ್ಣಮ್ಮ ಎಂಬ ಹೆಂಗಸು ಸಿಕ್ಕಿದ್ದಳಂತೆ. ಹೊಟ್ಟೆಯುಬ್ಬರ ಬಂದ ಹಸುವನ್ನು ಡಾಕ್ಟರಿರುವ ಪೇಟೆಗೆ ನಡೆಸಿಕೊಂಡು ಹೊರಟಿದ್ದಳು, ಅದು ಅರ್ಧ ದಾರಿಯಲ್ಲೇ ಬಿದ್ದಿತ್ತು. ಕೈಮುಗಿದ ಬೋರಯ್ಯನವರಿಗೆ ಅವಳು, “ಓಟು ಆಮೇಲ್ ಕೇಳೀರಂತೆ ಕಣಣ್ಣ, ಇದ್ನ ಎತ್ತಾಕೆ ಒಸಿ ಕೈ ಕೊಡಿ,” ಎಂದಳಂತೆ. ಎತ್ತುವಷ್ಟರಲ್ಲಿ ಹಸು ಸತ್ತಿತು. ಗೆದ್ದ ಮೇಲೂ ಅವರು ಅದನ್ನು ಮರೆತಿರಲಿಲ್ಲ, ಯಾರನ್ನು ಹೇಗೆ ಕೇಳಬೇಕೆಂದು ಗೊತ್ತಿರಲಿಲ್ಲ ಅಷ್ಟೆ.

“ನಮ್ ಕಡೆ ದನಕ್ಕೆ ಡಾಕ್ಟ್ರಿಲ್ಲ ಸಾರ್. ಕೊಪ್ಪಲಿಗೆ ಒಂದು ದನದಾಸ್ಪತ್ರೆ ಕೊಡಿ.”

“ಅಷ್ಟೇನಾ?” ಎಂದರು ನಾಯಕರು. ಇಷ್ಟು ಸಣ್ಣದನ್ನು ಕೇಳುವ ಮನುಷ್ಯ ಹೊಟ್ಟೆಯಲ್ಲಿ ಇನ್ನೆಷ್ಟು ದೊಡ್ಡದನ್ನು ಇಟ್ಟುಕೊಂಡಿದ್ದಾನೋ ಎಂದು ಅವರಿಗೆ ಹೆದರಿಕೆಯಾಗಿರಬೇಕು. ಅದೇ ವಾರ ಆದೇಶ ಕೈಗೆ ಬಂತು.

ಆದೇಶದಲ್ಲಿ ‘ಕೊಪ್ಪಲು’ ಎಂದಷ್ಟೇ ಇತ್ತು. ನಮ್ಮ ಕ್ಷೇತ್ರದಲ್ಲಿ ಹಳೇಕೊಪ್ಪಲು, ಹೊಸಕೊಪ್ಪಲು ಎಂದು ಎರಡು ಊರು. ನಡುವೆ ಒಂದು ಗೋಮಾಳ, ಗೋಮಾಳದ ನಡುವೆ ಒಂದು ಹೊಂಗೆ ಮರ. ಎರಡೂ ಊರಿನವರು ಸಿಹಿ ಹಂಚಿದರು. ಎರಡೂ ಊರಿನವರು ಸಾಹೇಬರ ಮನೆಗೆ ಬಂದು ಧನ್ಯವಾದ ಹೇಳಿದರು, ಬಾಗಿಲಲ್ಲೇ ಒಬ್ಬರಿಗೊಬ್ಬರು ಸಿಕ್ಕಿ ಕೊರಳಪಟ್ಟಿ ಹಿಡಿದರು.

ಹೊಸಕೊಪ್ಪಲಿನ ಯಜಮಾನ ಜವರಣ್ಣ ಎಂಬಾತ ಖಡಕ್ಕಾಗಿ ಹೇಳಿದ: “ಅವ್ರ ಊರ್ಗೆ ಸ್ಕೂಲದೆ, ಸೊಸೈಟಿ ಅದೆ. ನಮ್ಗೆ ಏನದೆ? ಆಸ್ಪತ್ರೆ ನಮ್ದೇಯ.”

“ನಿಮ್ಗೆ ಬಸ್ಸು ಬತ್ತದಲ್ಲಲಾ!” ಎಂದು ಹಳೇಕೊಪ್ಪಲಿನವರು.

“ಬಸ್ಸಿಗೆ ಜ್ವರ ಬತ್ತದೇನ್ಲಾ?”

ಸಾಹೇಬರು ಯೋಚಿಸಿ, ಯಾರಿಗೂ ಬೇಜಾರಾಗದ ಹಾಗೆ, ಗೋಮಾಳದ ಹೊಂಗೆ ಮರದ ಹತ್ತಿರ ಶಂಕುಸ್ಥಾಪನೆ ಮಾಡಿದರು. ಚಿನಕುರಳಿ ಕಡೆಯ ಕ್ವಾರಿಯಿಂದ ಕಲ್ಲು ತರಿಸಿ, ಅಕ್ಷರ ಕೆತ್ತಿಸಿ, ನೆಟ್ಟು, ಹೂವು ಹಾಕಿದ್ದಾಯಿತು. ಎಲ್ಲರಿಗೂ ಬೇಜಾರಾಯಿತು. ಬೆಳಗಾಗುವಷ್ಟರಲ್ಲಿ ಕಲ್ಲು ಹಳೇಕೊಪ್ಪಲಿನ ನಡುಬೀದಿಯಲ್ಲಿ ನಿಂತಿತ್ತು. ಕೇಳಿದರೆ, “ನಮ್ಗೊತ್ತಿಲ್ಲ ಸ್ವಾಮಿ, ಅದೇ ಬಂದ್ಬುಟ್ಟದೆ,” ಎಂದರು. ಆ ವಾರ ಕಳೆಯುವ ಮುಂಚೆ ಅದು ಹೊಸಕೊಪ್ಪಲಿನ ಪಂಚಾಯ್ತಿ ಕಟ್ಟೆಯ ಪಕ್ಕಕ್ಕೆ ಬಂದ್ಬುಟ್ಟಿತ್ತು. ಈ ಸಲ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದಿದ್ದರು, ಯಾರೂ ಮುಟ್ಟಬಾರದೆಂದು. ಠಾಣೆಯ ಪೇದೆಗಳು ಕಲ್ಲನ್ನು ವಾಪಸು ತರಲು ಹೋದವರು ಕೈಮುಗಿದು ಬಂದರು.

ಕೊನೆಗೆ ಹೇಗೋ ಕಲ್ಲನ್ನು ಗೋಮಾಳಕ್ಕೆ ತಂದು ನೆಟ್ಟಾಗ ನಮ್ಮ ರಿಸರ್ವ್ ಇನ್ಸ್‌ಪೆಕ್ಟರಿಗೆ ಒಂದು ಉಪಾಯ ಹೊಳೆಯಿತು. “ಶಾಸಕರ ರಕ್ಷಣೆ ನಿನ್ನ ಡ್ಯೂಟಿ ತಾನೆ? ಆ ಕಲ್ಲ ಮೇಲೆ ಶಾಸಕರ ಹೆಸರಿದೆ. ಹೋಗಿ ಅದರ ಪಕ್ಕ ಕೂತ್ಕೊ.” ನಾನು ಕೂತೆ. ಶಾಸಕರು ಗನ್‌ಮ್ಯಾನ್ ಇಲ್ಲದೆ ತಿರುಗಾಡಿದರು, ಕಲ್ಲಿಗೆ ರಿವಾಲ್ವರಿನ ಕಾವಲು. ದಾರಿಹೋಕರು ನಿಂತು ನೋಡುತ್ತಿದ್ದರು. ಒಬ್ಬ ಮುದುಕ, “ಇದ್ಯಾವ್ ದೇವ್ರಪ್ಪ, ಪೋಲೀಸ್ ಮಡಗವ್ರೆ?” ಎಂದು ಚಪ್ಪಲಿ ಬಿಟ್ಟು ಕೈಮುಗಿದು ಹೋದ.

ಆಗ ಆದದ್ದೇ ನಾನು ಹೇಳಿದ ಅನಾಹುತ. ಒಂದು ಮಧ್ಯಾಹ್ನ ಜವರಣ್ಣ ನಗುನಗುತ್ತ ಬಂದ. “ಸಾಹೇಬ್ರೇ, ಮನೇಲಿ ನಾಟಿಕೋಳಿ ಸಾರು ಮಾಡವ್ರೆ. ನಿಮ್ಗೆ ಇಕ್ದೆ ನಾವ್ ಎಂಗ್ ಉಂಬೋದು? ಬನ್ನಿ.” ಕಲ್ಲು ಬಿಟ್ಟು ಬರುವುದಿಲ್ಲ ಎಂದೆ. “ಹಾಡುಹಗಲು ಯಾವನ್ ಮುಟ್ತಾನೆ? ಬನ್ನಿ ಸುಮ್ಕೆ,” ಎಂದ. ನಾಟಿಕೋಳಿ ಸಾರಿನ ಮುಂದೆ ನನ್ನ ಕರ್ತವ್ಯನಿಷ್ಠೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಮುದ್ದೆಯ ಮೇಲೆ ಮುದ್ದೆ ಹಾಕಿ, ನೀರು ಕುಡಿಸಿ, ಎಲೆ ಅಡಿಕೆ ಕೊಟ್ಟು ಕಳಿಸಿದರು. ಬಂದು ನೋಡಿದರೆ ಕಲ್ಲಿದ್ದ ಜಾಗದಲ್ಲಿ ಗುಂಡಿ. ಕಲ್ಲು ಹೊಸಕೊಪ್ಪಲಿನ ಕಡೆ ಹೋಗುತ್ತಿದ್ದ ಟ್ರಾಕ್ಟರಿನಲ್ಲಿತ್ತು.

ಹಳೇಕೊಪ್ಪಲಿನವರಿಗೂ ಸುದ್ದಿ ಹೋಗಿ ಅವರು ಅಡ್ಡ ಬಂದರು. ಹೊಂಗೆ ಮರದಿಂದ ಕೂಗಳತೆಯಲ್ಲಿ ಟ್ರಾಕ್ಟರು ನಿಂತಿತು. ಎರಡೂ ಊರಿನ ಗಂಡಸರು ಗುದ್ದಲಿ, ಹಾರೆ, ದೊಣ್ಣೆ ಹಿಡಿದು ಸೇರಿಬಿಟ್ಟರು. ಕಲ್ಲನ್ನು ಈ ಕಡೆಯವರು ಇಳಿಸುವುದು, ಆ ಕಡೆಯವರು ಹತ್ತಿಸುವುದು. ಯಾರೋ ಒಬ್ಬನ ತಲೆಯಿಂದ ರಕ್ತ ಸುರಿಯಿತು. ಅಲ್ಲಿಯವರೆಗೆ ಆಟದಂತಿದ್ದುದು ಆ ರಕ್ತ ನೋಡಿದ ಮೇಲೆ ಬೇರೆಯಾಯಿತು. ಎಲ್ಲರ ದನಿ ತಗ್ಗಿತು. ಕೂಗಾಡುವ ಗುಂಪಿಗೆ ನಾನು ಹೆದರುವುದಿಲ್ಲ, ದನಿ ತಗ್ಗಿದ ಗುಂಪು ನೋಡಿದರೆ ಹೆದರುತ್ತೇನೆ. ಹುಡುಗರು ಇದನ್ನು ನೆನಪಿಟ್ಟುಕೊಳ್ಳಬೇಕು. ನನ್ನ ಕೈ ಸೊಂಟದ ಮೇಲೆ ಹೋಯಿತು.

ಆ ಹೊತ್ತಿಗೆ ಧೂಳೆಬ್ಬಿಸಿಕೊಂಡು ಸಾಹೇಬರ ಅಂಬಾಸಿಡರ್ ಬಂತು. ಯಾರು ತಡೆದರೂ ಕೇಳದೆ ಅವರು ಎರಡು ಗುಂಪಿನ ನಡುವೆ ಬಂದು ನಿಂತರು. ಆ ಎತ್ತರಕ್ಕೆ ಹಿಂದಿನವರಿಗೆ ಕಾಣಿಸಲಿಲ್ಲ. ಕಲ್ಲಿನ ಮೇಲೆ ಹತ್ತಿ ನಿಂತರು, ತಮ್ಮ ಹೆಸರಿನ ಮೇಲೆಯೇ. ಮಾತಾಡಲು ಬಾಯಿ ತೆರೆದರು. ಸಭಾಂಗಣದಲ್ಲಿ ಆದಂತೆಯೇ ಆಯಿತು, ಮಾತು ಬರಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಒಂದು ಹೆಂಗಸಿನ ದನಿ: “ದಾರಿ ಬುಡ್ರೋ! ಡಾಕ್ಟ್ರು ಬಂದವ್ರಾ, ಇಲ್ವಾ?”

ಸಣ್ಣಮ್ಮ. ಅವಳ ಹಿಂದೆ ಒಂದು ಎಮ್ಮೆ, ಕರು ಹಾಕಲಾರದೆ ಒದ್ದಾಡುತ್ತ, ಬಾಯಲ್ಲಿ ನೊರೆ ಸುರಿಸುತ್ತ. ಗೋಮಾಳದಲ್ಲಿ ಆಸ್ಪತ್ರೆ ಆಗಿದೆಯಂತೆ ಎಂದು ಯಾರೋ ಹೇಳಿದ್ದನ್ನು ನಂಬಿ ನಡೆಸಿಕೊಂಡು ಬಂದಿದ್ದಳು. ಎಮ್ಮೆ ಎರಡು ಗುಂಪಿನ ನಡುವೆ ಬಂದು, ಕಾಲು ಮಡಿಚಿ ಬಿದ್ದಿತು.

“ಆಸ್ಪತ್ರೆ ಎಲ್ಲದೆ?” ಎಂದಳು ಸಣ್ಣಮ್ಮ.

ಆಸ್ಪತ್ರೆ ಎಂದರೆ ಅಲ್ಲಿ ಒಂದು ಕಲ್ಲು, ಅದರ ಮೇಲೊಬ್ಬ ಶಾಸಕರು.

ಆಗ ಗುಂಪಿನ ಅಂಚಿನಿಂದ ಕನ್ನಡಕದ ಒಬ್ಬ ಯುವಕ ಕೈ ಎತ್ತಿದ. “ನಾನೇ ಡಾಕ್ಟ್ರು,” ಎಂದ. ಎಲ್ಲರೂ ತಿರುಗಿ ನೋಡಿದರು. ಮೈಸೂರಿನ ಹುಡುಗ, ಮೊದಲ ಪೋಸ್ಟಿಂಗು. ಕಟ್ಟಡ ಕಟ್ಟುವ ಮುಂಚೆಯೇ ಇಲಾಖೆ ಕೊಪ್ಪಲಿಗೆ ಡಾಕ್ಟರನ್ನು ಹಾಕಿಬಿಟ್ಟಿತ್ತಂತೆ. ಅವನು ಬಂದಾಗಲೆಲ್ಲ ಹಳೇಕೊಪ್ಪಲಿನವರು, ಮೊದಲು ಹೊಸಕೊಪ್ಪಲಿಗೆ ಕಾಲಿಡಲ್ಲ ಅಂತ ಮಾತು ಕೊಡಿ ಎನ್ನುತ್ತಿದ್ದರು. ಹೊಸಕೊಪ್ಪಲಿನವರೂ ಅದನ್ನೇ ಹೇಳುತ್ತಿದ್ದರು. ಪಾಪ, ಪೇಟೆಯ ಕಚೇರಿಯಲ್ಲಿ ಸಹಿ ಮಾಡಿ ಮನೆಗೆ ಹೋಗುತ್ತಿದ್ದ. ಅಂದು ಗಲಾಟೆಯೆಂದು ಕೇಳಿ ಸ್ಕೂಟರಿನಲ್ಲಿ ನೋಡಲು ಬಂದಿದ್ದ. ಬ್ಯಾಗು ಸ್ಕೂಟರಿನಲ್ಲೇ ಇತ್ತು.

ಅವನು ಅಂಗಿ ಬಿಚ್ಚಿ, ತೋಳಿಗೆ ಸೋಪು ಹಚ್ಚಿ, ಮಣ್ಣಿನಲ್ಲಿ ಮಲಗಿ ಕೈ ಒಳಗೆ ಹಾಕಿದ. “ಕರು ತಲೆ ಹಿಂದಕ್ಕೆ ತಿರುಗಿದೆ. ನಾನು ಸರಿ ಮಾಡ್ತೀನಿ, ಹೇಳಿದಾಗ ಎಳೀಬೇಕು. ಜನ ಬೇಕು, ಹಗ್ಗ ಬೇಕು,” ಎಂದ. ಟ್ರಾಕ್ಟರಿನಲ್ಲಿ ಕಲ್ಲು ಕಟ್ಟಿದ್ದ ಹಗ್ಗವನ್ನೇ ಬಿಚ್ಚಿ ತಂದರು. ಒಬ್ಬೊಬ್ಬರೇ ದೊಣ್ಣೆ ಕೆಳಗಿಟ್ಟರು. ನಾನು ಎಮ್ಮೆಯ ತಲೆ ಹಿಡಿಯಲು ಕೂತೆ. ಸೊಂಟದ ರಿವಾಲ್ವರು ಅದಕ್ಕೆ ಚುಚ್ಚುತ್ತಿತ್ತು. “ಸಾರ್, ಮೊದಲು ಅದನ್ನ ತೆಗೀರಿ,” ಎಂದು ಡಾಕ್ಟರ್ ಹುಡುಗ ಗದರಿದ. ಬೆಲ್ಟು ಸಮೇತ ಬಿಚ್ಚಿ ಪಕ್ಕಕ್ಕಿಟ್ಟೆ.

ಹಗ್ಗದ ಒಂದು ಕಡೆ ಹಳೇಕೊಪ್ಪಲು, ಒಂದು ಕಡೆ ಹೊಸಕೊಪ್ಪಲು, ನಡುವೆ ಪಂಚೆ ಎತ್ತಿ ಕಟ್ಟಿದ ನಮ್ಮ ಸಾಹೇಬರು. ತಲೆ ಒಡೆದವನೂ ರುಮಾಲು ಸುತ್ತಿಕೊಂಡು ಬಂದು ಕೈಹಾಕಿದ. ಆಗ ಬಂತು ನೋಡಿ ಸಾಹೇಬರ ದನಿ. “ಎಳೀರ್ಲಾ! ಮೆತ್ತಗೆ! ಲೇ, ಅದೇನ್ ನಿಮ್ಮಪ್ಪನ್ ತೇರೇನ್ಲಾ, ಮೆತ್ತಗೆ!” ಎಮ್ಮೆಯ ಬಿಸಿಯುಸಿರು ನನ್ನ ಮುಖಕ್ಕೆ ಬಡಿಯುತ್ತಿತ್ತು. ಸಣ್ಣಮ್ಮ ಅದರ ಕಿವಿಯ ಹತ್ತಿರ ಬಗ್ಗಿ, “ಇನ್ನೊಂದ್ ಕಿತ ಕಣವ್ವ, ಇನ್ನೊಂದೇ ಕಿತ,” ಎನ್ನುತ್ತಲೇ ಇದ್ದಳು. ಕರು ಜಾರಿ ಬಂದು ಡಾಕ್ಟರ ತೊಡೆಯ ಮೇಲೆ ಬಿತ್ತು. ಅಲ್ಲಾಡಲಿಲ್ಲ. ಅವನು ಮೂಗಿನ ಲೋಳೆ ಒರೆಸಿ, ಎದೆ ತಿಕ್ಕಿ, ಹಿಂಗಾಲು ಹಿಡಿದು ತಲೆಕೆಳಗೆ ಎತ್ತಿದ. ಕರು ಸೀನಿತು.

ಜನ ಕೇಕೆ ಹಾಕಿದರು. ನಾನು ಎದ್ದು ನೋಡಿದರೆ ರಿವಾಲ್ವರಿಲ್ಲ. ಗುಂಪಿನಲ್ಲಿ ಯಾರ ಕೈಯಲ್ಲಿದೆಯೋ, ಯಾವ ಗುಂಡು ಯಾರ ಎದೆಗೋ! ಹುಚ್ಚನಂತೆ ಹುಡುಕಿದರೆ, ಸಾಹೇಬರ ಬೆನ್ನ ಹಿಂದೆ ಜವರಣ್ಣ ನನ್ನ ಬೆಲ್ಟನ್ನು ತನ್ನ ಪಂಚೆಯ ಮೇಲೆ ಬಿಗಿದುಕೊಂಡು, ಎದೆಯುಬ್ಬಿಸಿ, ಅತ್ತಿತ್ತ ನೋಡುತ್ತ ನಿಂತಿದ್ದ.

“ಕೊಡಯ್ಯಾ ಅದನ್ನ!” ಎಂದು ಕಿತ್ತುಕೊಂಡೆ.

“ಅಲ್ಲಾ, ನೀವು ಎಮ್ಮೆ ಇಡ್ಕಂಡ್ರಿ,” ಎಂದ ಜವರಣ್ಣ ನೊಂದುಕೊಂಡು. “ಎಮ್ಮೆಲ್ಲೇನ ನೋಡ್ಕಳೋರು ಯಾರೂ ಇರ್ನಿಲ್ಲ. ಅದ್ಕೇ ನಾನ್ ನಿಂತ್ಕಂಡೆ.”

ಗುಂಡುಗಳನ್ನು ಎಣಿಸಿದೆ. ಸರಿಯಾಗಿದ್ದವು.

ಆ ದಿನದಿಂದ ಡಾಕ್ಟರು ಹೊಂಗೆ ಮರದ ಕೆಳಗೇ ಕೂರತೊಡಗಿದರು. ಹಳೇಕೊಪ್ಪಲಿನವರು ಮೇಜು ತಂದರು, ಹೊಸಕೊಪ್ಪಲಿನವರು ಕುರ್ಚಿ ತಂದರು. ಕಲ್ಲನ್ನು ಮಲಗಿಸಿ ಅದರ ಮೇಲೆ ಸೀಮೆಎಣ್ಣೆ ಸ್ಟೌ ಇಟ್ಟು ಸಿರಿಂಜು ಕುದಿಸಲಾಯಿತು. ಕಟ್ಟಡವೂ ಅಲ್ಲೇ ಎಂದು ತೀರ್ಮಾನವಾಯಿತು. ಎಲ್ಲ ಮುಗಿಯಿತು ಎಂದುಕೊಂಡರೆ, ಬಾಗಿಲು ಯಾವ ಊರಿನ ಕಡೆಗೆ ಎಂಬ ಪ್ರಶ್ನೆ ಎದ್ದಿತು. ಒಂದು ಊರಿಗೆ ಮುಖ ಮಾಡಿದರೆ ಇನ್ನೊಂದು ಊರಿಗೆ ಬೆನ್ನು. ಎಂಜಿನಿಯರು ತಲೆ ಕೆರೆದುಕೊಂಡು, ಒಂದು ದೊಡ್ಡ ಬಾಗಿಲಿನ ಮರದಲ್ಲಿ ಎರಡು ಸಣ್ಣ ಬಾಗಿಲು ಮಾಡಿಸಿ, ಎರಡು ಕಡೆಗೂ ಒಂದೊಂದು ಇಟ್ಟರು.

ಆ ಕಾಲದ ಕೆಲಸದ ರೀತಿಯನ್ನು ಈಗಿನವರು ಊಹಿಸಲಾರರು. ಈಗ ಶಾಸಕರು ಎಲ್ಲಿದ್ದಾರೆ ಎಂದು ಫೋನೇ ಹೇಳುತ್ತದೆ. ಆಗ ಅವರು ಕಾರಿನಲ್ಲಿ ಹೊರಟರೆಂದರೆ ಕಳೆದುಹೋದ ಹಾಗೆ. ಕೊನೆಯ ವರ್ಷ ಯಾರೋ ಅಭಿಮಾನಿ ಇಟ್ಟಿಗೆ ಗಾತ್ರದ ಒಂದು ಮೊಬೈಲ್ ಕೊಟ್ಟರು. ಅದಕ್ಕೆ 'ನೆಟ್‌ವರ್ಕ್' ಎಂಬುದು ಸಿಗುತ್ತಿದ್ದುದು ಶ್ರೀರಂಗಪಟ್ಟಣದ ಸೇತುವೆಯ ಮೇಲೆ, ಅದೂ ಮೈಸೂರಿನ ಕಡೆ ತಿರುಗಿ ನಿಂತರೆ. ಚುನಾವಣೆ ಹತ್ತಿರ ಬಂದಾಗ ಪಕ್ಷದ ನಾಯಕರ ಜೊತೆ ಮಾತಾಡಲು ಸಾಹೇಬರು ಕ್ಷೇತ್ರದ ಕೆಲಸವೆಲ್ಲ ಬಿಟ್ಟು ಸೇತುವೆಗೆ ಹೋಗಿ, ಕಾರಿನ ಬಾನೆಟ್ ಹತ್ತಿ, “ಹಲೋ, ಹಲೋ” ಎನ್ನುತ್ತಿದ್ದರು. ನಾನು ಅವರ ಕಾಲು ಹಿಡಿದು ನಿಲ್ಲುತ್ತಿದ್ದೆ. ಲಾರಿಯವರು ಹಾರನ್ ಹೊಡೆದು ನಗುತ್ತ ಹೋಗುತ್ತಿದ್ದರು.

ಚುನಾವಣೆಯಲ್ಲಿ ಸಾಹೇಬರು ಸೋತರು. ಹಳೇಕೊಪ್ಪಲಿನವರು, ಆಸ್ಪತ್ರೆಯನ್ನು ಹೊಸಕೊಪ್ಪಲಿಗೆ ಒಂದು ಹೆಜ್ಜೆ ಹತ್ತಿರ ಕಟ್ಟಿಸುತ್ತಿದ್ದಾರೆ ಎಂದು ಓಟು ಹಾಕಲಿಲ್ಲ. ಹೊಸಕೊಪ್ಪಲಿನವರು, ಹಳೇಕೊಪ್ಪಲಿಗೆ ಒಂದು ಹೆಜ್ಜೆ ಹತ್ತಿರ ಎಂದು ಹಾಕಲಿಲ್ಲ. ಎಣಿಕೆ ಕೇಂದ್ರದಿಂದ ಹೊರಗೆ ಬಂದಾಗ ನನಗೆ ಅವರ ಮುಖ ನೋಡಲಾಗಲಿಲ್ಲ. ಅವರೇ ನನ್ನ ಕೈ ಹಿಡಿದು, “ನಿಂಗೆ ಇನ್ಮೇಲಾದ್ರೂ ಒಂದೇ ಎಲೇಲಿ ಉಣ್ಣೋ ಡ್ಯೂಟಿ ಸಿಕ್ಲಿ ಬುಡು,” ಎಂದರು. ನಾನು ರಿಸರ್ವಿಗೆ ವಾಪಸಾದೆ.

ಆಸ್ಪತ್ರೆಯ ಕಟ್ಟಡ ಮುಗಿದದ್ದು ಹೊಸ ಶಾಸಕರ ಕಾಲದಲ್ಲಿ. ಉದ್ಘಾಟನೆಗೆ ನಮ್ಮ ಸಾಹೇಬರನ್ನು ಕರೆಯಲಿಲ್ಲ. ಕೆಲವು ತಿಂಗಳ ಮೇಲೆ ರಜೆಯಲ್ಲಿ ಅವರನ್ನು ನೋಡಲು ಹೋದೆ. ಆಗ ಸೈಕಲ್ ಬಾಡಿಗೆಗೆ ಪಡೆಯುವವರು ಇರಲಿಲ್ಲ, ಅಂಗಡಿ ಮುಚ್ಚಿ ಹಸು ಸಾಕಿಕೊಂಡಿದ್ದರು. ಅವತ್ತು ಹಸು ಮೇವು ಬಿಟ್ಟಿತ್ತು. “ಬಾರಯ್ಯ, ಆಸ್ಪತ್ರೇಗೆ ಹೋಗಿ ಬರಾನ,” ಎಂದರು. ಹಗ್ಗ ಅವರು ಹಿಡಿದರು, ಹಿಂದಿನಿಂದ ನಾನು ಅಟ್ಟಿದೆ.

ಹೊಸಕೊಪ್ಪಲಿನ ಕಡೆಯ ಬಾಗಿಲ ಮುಂದೆ ದನಗಳ ಉದ್ದ ಸಾಲು. ಹೋಗಿ ಕೊನೆಯಲ್ಲಿ ನಿಂತೆವು. ಮೈಸೂರಿನ ಡಾಕ್ಟರು ವರ್ಗವಾಗಿ ಹೋಗಿದ್ದರು, ಒಳಗೆ ಬೇರೆಯವರಿದ್ದರು. ಸಾಲಿನಲ್ಲಿದ್ದವರೂ ದೂರದೂರಿನವರು, ಸಾಹೇಬರ ಗುರುತು ಯಾರಿಗೂ ಸಿಗಲಿಲ್ಲ. ನಾನು ಮುಂದೆ ಹೋಗಿ ಇವರು ಯಾರೆಂದು ಹೇಳುತ್ತೇನೆ ಎಂದೆ. “ಸುಮ್ಕಿರಯ್ಯ, ನಮ್ಗಿಂತ ಮುಂದೆ ಬಂದವೆ ಅವು,” ಎಂದು ಮುಂದಿನ ದನಗಳನ್ನು ತೋರಿಸಿದರು.

ನಮ್ಮ ಮುಂದೆ ದಪ್ಪ ಎಮ್ಮೆ ಹಿಡಿದ ಒಬ್ಬನಿದ್ದ. ಅವನ ಸರದಿ ಬಂದಾಗ ಎಮ್ಮೆ ಬಾಗಿಲಲ್ಲಿ ಸಿಕ್ಕಿಕೊಂಡಿತು. ತಳ್ಳಿ ತಳ್ಳಿ ಸಾಕಾಗಿ ಅವನು ಬೆವರು ಒರೆಸಿಕೊಂಡ.

“ಯಾವ್ ಬಡ್ಡಿಮಗ ಕಟ್ಸಿದ್ನೋ ಇದ್ನ! ಹೆಂಗೋ ಒಳೀಕ್ ಓದ್ರೂ, ತಿರುಗಿಸ್ಕಂಡು ಆಚೀಗ್ ಬರಾಕಾಗಾಕಿಲ್ಲ.”

ನಾನು ಬಾಯಿ ತೆರೆದೆ. ಸಾಹೇಬರು ನನ್ನ ಕೈ ಅದುಮಿದರು. ಹಸುವಿನ ಹಗ್ಗ ನನಗೆ ಕೊಟ್ಟು, ಮುಂದೆ ಹೋಗಿ, ಎಮ್ಮೆಯ ಹಿಂದೆ ಭುಜ ಕೊಟ್ಟು ನಿಂತರು.

“ತಿರುಗಿಸ್ಬ್ಯಾಡ ಕಣಪ್ಪ,” ಎಂದರು. “ಇಲ್ಲಿಂದ ಒಳೀಕ್ ಓಗಿ, ಸೂಜಿ ಆಕುಸ್ಕಂಡು, ಅಂಗೇ ನೇರವಾಗಿ ಹಳೇಕೊಪ್ಲು ಕಡೆಗ್ ಓಗ್ಬುಡು. ಅಲ್ಲೂ ಒಂದು ಬಾಗ್ಲದೆ.”